ಟಾಫಿಯ ಬಲಗಡೆ

ಟೌನ್ಸ್‌ವಿಲ್
ಸೋಮವಾರ, ೧೪ ಜುಲೈ ೧೯೮೬

ನನ್ನ ಮುದ್ದು ಟೆಸ್,

ನಿನ್ನ ಪತ್ರ ದೊಡ್ಡಮ್ಮನ ವಿಳಾಸಕ್ಕೆ ಬಂತು. ಎಡಗೈಯಲ್ಲಿ ಬರೆದದ್ದೆಂದು ಅಕ್ಷರ ನೋಡಿದೊಡನೆ ತಿಳಿಯಿತು. ಭುಜದ ಮೂಳೆ ಕೂಡುವವರೆಗೆ ಅಡುಗೆ ಡೇರೆಯಲ್ಲಿ ಕೂತು ಟೀ ಕುಡಿ, ಯಾರೇನಂದರೂ ಏಳಬೇಡ. ದನ ಕೂಡಿಹಾಕುವ ಕೆಲಸ ಮುಗಿಯುವವರೆಗೆ ನನ್ನ ಮೂರು ಕುದುರೆಗಳನ್ನು ನಿನಗೊಪ್ಪಿಸಿ ಬಂದೆನಲ್ಲ, ಅವರ ಸ್ವಭಾವ ಹೇಳದೆ ಬಂದದ್ದು ನನ್ನ ತಪ್ಪು.

ನಾನು ಜನ್ಮದಲ್ಲಿ ಮೊದಲು ಹತ್ತಿದ ಕುದುರೆ ಡೋರಾ, ನಾನು ಏಳು ವರ್ಷದವಳಿದ್ದಾಗ. ಜೀನು ಬಿಗಿಯುವಾಗ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದಳು, ನಾನು ಕೂತ ಮೇಲೆ ಉಸಿರು ಬಿಡುತ್ತಿದ್ದಳು. ಪಟ್ಟಿ ಸಡಿಲವಾಗಿ, ಜೀನಿನ ಸಮೇತ ನಾನು ಅವಳ ಹೊಟ್ಟೆಯಡಿ! ನಿನ್ನಜ್ಜ ನಕ್ಕು ನಕ್ಕು ಬೇಲಿ ಹಿಡಿದುಕೊಂಡಿದ್ದರು. ಈಗಿರುವ ಮೂವರಲ್ಲಿ ಬಿಷಪ್, ಯಾವ ಕಡೆಯಿಂದ ಹತ್ತಿದರೂ ಕಣ್ಣು ಬಿಡದ ಸೋಮಾರಿ. ಆದರೆ ಹೋರಿ ತಿರುಗಿಬೀಳುವುದು ನಮಗಿಂತ ಮೊದಲು ಅವನಿಗೆ ತಿಳಿಯುತ್ತದೆ. ಎರಡನೆಯವಳು ಮಿಸೆಸ್ ಹಾಗನ್, ಹೊಳೆ ದಾಟುವಾಗ ಅವಳನ್ನು ಹೊಗಳಬೇಕು. ನಾಚಿಕೆಯಿಲ್ಲದೆ ಹೊಗಳು, ದಾಟುತ್ತಾಳೆ.

ಇನ್ನು ಟಾಫಿ. ರಿಕಾಪಿಗೆ ಕಾಲಿಟ್ಟ ಕೂಡಲೇ ಎತ್ತಿ ಎಸೆದ ಎಂದು ನೀನು ಹೇಳಿದ್ದಕ್ಕೆ, ಮೇಸ್ತ್ರಿ ಮರ್ವ್ ಎಲ್ಲರೆದುರು, “ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ! ನಿಮ್ಮಮ್ಮ ಎರಡು ವರ್ಷದಿಂದ ಅವನ ಮೇಲೆ ಕೂತಿಲ್ವೇನೇ?” ಅಂದನಂತೆ. ಆಮೇಲೆ ತಾನೇ ಹತ್ತಲು ಹೋಗಿ ಮಣ್ಣು ಮುಕ್ಕಿ, “ಇದಕ್ಕೆ ತಲೆ ಕೆಟ್ಟಿದೆ ಕಣ್ರೋ, ಶನಿವಾರ ಕಸಾಯಿ ಲಾರಿಗೆ ಹತ್ಸಿ” ಅಂದನಂತೆ.

ಟೆಸ್, ಡೊಂಕಾಗಿದ್ದದ್ದು ನನ್ನ ಎಡ ಮೊಣಕಾಲು. ಎರಡು ವರ್ಷದಿಂದ ಅದು ನನ್ನ ಭಾರ ಹೊರುತ್ತಿಲ್ಲ. ಮರ್ವ್‌ಗೆ ಗೊತ್ತಾದರೆ ಕೈಗೆ ಸೌಟು ಕೊಟ್ಟು ಅಡುಗೆ ಡೇರೆಗೆ ಅಟ್ಟುತ್ತಾನೆಂದು ಹೆದರಿದೆ. ಆಗ ಟಾಫಿಯನ್ನು ಪಳಗಿಸುತ್ತಿದ್ದವಳು ನಾನೇ. ಲೋಕವೆಲ್ಲ ಎಡಗಾಲು ರಿಕಾಪಿಗಿಟ್ಟು ಎಡಗಡೆಯಿಂದ ಕುದುರೆ ಹತ್ತಿದರೆ, ಅವನಿಗೆ ಮಾತ್ರ ಬಲಗಡೆಯಿಂದ ಹತ್ತಿಸಿಕೊಳ್ಳುವುದನ್ನು ಕಲಿಸಿದೆ. ಎಲ್ಲರಿಗಿಂತ ಮೊದಲೆದ್ದು ಜೀನು ಬಿಗಿಯುತ್ತೇನೆಂದು ನೀವೆಲ್ಲ ಹೊಗಳುತ್ತಿದ್ದಿರಿ. ನೀರಿನ ಲಾರಿಯ ಮರೆಯಲ್ಲಿ ಹತ್ತಲು ಮೊದಲೇಳುತ್ತಿದ್ದೆ ಮಗಳೇ, ಅಷ್ಟೇ. ಎಡಗಡೆಯಿಂದ ಅವನ ಮೇಲೆ ಹತ್ತಹೋದ ಮೊದಲನೆಯವಳು ನೀನು. ಪಾಪ, ಬೆದರಿದ.

ಹೊರಡುವಾಗ ಹೇಳಬೇಕೆಂದಿದ್ದೆ. ಮರ್ವ್ ಪಕ್ಕದಲ್ಲೇ ನಿಂತಿದ್ದ, ಹಾಗೇ ಹೊರಟುಬಿಟ್ಟೆ. ನನ್ನ ಜಂಭಕ್ಕೆ ನಿನ್ನ ಮೂಳೆ ಮುರಿಯಿತು. ಯಾವ ಮುಖ ಇಟ್ಟುಕೊಂಡು ಕ್ಷಮಿಸು ಎನ್ನಲಿ?

ಈ ಪತ್ರ ಬುಧವಾರದ ಟಪಾಲು ವಿಮಾನದಲ್ಲಿ ನಿನ್ನ ಕೈಸೇರುತ್ತದೆ. ಊಟದ ಹೊತ್ತಿಗೆ, ಎಲ್ಲರೂ ಇರುವಾಗ, ಮರ್ವ್‌ಗೆ ಗಟ್ಟಿಯಾಗಿ ಓದಿಹೇಳು. ಒಮ್ಮೆ ಬಲಗಡೆಯಿಂದ ಹತ್ತಿ ನೋಡಲಿ. ಟಾಫಿ ಕುರಿಮರಿಯಂತೆ ನಿಂತು, ಕತ್ತು ತಿರುಗಿಸಿ ಜೇಬಿನಲ್ಲಿ ಬಿಸ್ಕತ್ತು ಹುಡುಕುತ್ತಾನೆ. ಸಿಗದಿದ್ದರೆ ಟೋಪಿ ಕಿತ್ತುಕೊಳ್ಳುತ್ತಾನೆ. ಇನ್ನು ಜನ್ಮದಲ್ಲಿ ಕುದುರೆ ಮುಟ್ಟುವುದಿಲ್ಲ ಎಂದು ಬರೆದಿದ್ದೀಯ. ಅವನನ್ನೊಮ್ಮೆ ಮುಟ್ಟು, ನನಗಾಗಿ.

ನಿನ್ನನ್ನೂ ಆ ಮೂವರನ್ನೂ ನೆನೆಯುತ್ತಾ,
ಅಮ್ಮ

ಇನ್ನೊಂದು ಮಾತು: ದೊಡ್ಡಮ್ಮನನ್ನು ನೋಡಲು ಹೊರಟಿದ್ದೇನೆ ಎಂದದ್ದೂ ಸುಳ್ಳು. ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಮೊಣಕಾಲಿನ ಆಪರೇಷನ್ ಆಯಿತು. ಇನ್ನು ಕುದುರೆ ಹತ್ತುವಂತಿಲ್ಲ ಎಂದರು ಡಾಕ್ಟರು. ಸೌಟು ಹಿಡಿಯಲು ಬರುತ್ತಿದ್ದೇನೆಂದು ಮರ್ವ್‌ಗೆ ಹೇಳು, ಸುಟ್ಟ ರೊಟ್ಟಿ ತಿನ್ನಲು ತಯಾರಾಗಿರಲಿ. ಟಾಫಿಯ ರಿಕಾಪು ನನ್ನ ಗಿಡ್ಡ ಕಾಲಿನ ಅಳತೆಗಿದೆ. ನೀನು ಹತ್ತುವಾಗ ಅದರ ಪಟ್ಟಿಯನ್ನು ಎರಡು ತೂತು ಇಳಿಸಿಕೋ.