ಅಪ್ಪನಿಗೆ ಕೊಡದ ಮದ್ದು

ಮನೆಯಿಂದ,
ಮಾರ್ಚ್ ೯, ಸೋಮವಾರ

ಪ್ರೀತಿಯ ಮಗನೇ,

ಹೇಗಿದ್ದೀಯ? ಸುರಂಗದ ಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, ಮೇಸ್ತ್ರಿಯೇ ಕಟ್ಟಿಕೊಂಡರೆ ಕೆಲಸದವರು ನಗುತ್ತಾರೆ ಎನ್ನುತ್ತೀಯ. ನಗಲಿ. ನಗುವವರು ರಾತ್ರಿ ಎದ್ದು ನಿನ್ನ ಎದೆ ನೀವುವುದಿಲ್ಲ. ಸೊಸೆಯ ಬೆನ್ನುನೋವು ಹೇಗಿದೆ, ಮೊಮ್ಮಗಳು ಅಳದೆ ಶಾಲೆಗೆ ಹೋಗುತ್ತಾಳೆಯೇ, ಬರೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಮಾತ್ರ ಗೊಣಗುತ್ತದೆ. ಮಿಕ್ಕಂತೆ ಗುಂಡುಕಲ್ಲಿನ ಹಾಗಿದ್ದೇನೆ.

ಈ ಪತ್ರ ನಿನ್ನ ಅಕ್ಕನ ವಿಷಯಕ್ಕೆ. ಇಲ್ಲಿಗೇ ಮಡಚಿ ಇಡಬೇಡ, ಪೂರ್ತಿ ಓದು. ಅಪ್ಪ ಹೋದಂದಿನಿಂದ ನೀನು ಅವಳ ಹತ್ತಿರ ಮಾತು ಬಿಟ್ಟಿದ್ದೀಯ. ನನ್ನನ್ನು ನೋಡಲು ಬಂದರೂ ಅವಳು ಪ್ರಯೋಗಾಲಯಕ್ಕೆ ಹೋಗಿರುವ ಹೊತ್ತು ನೋಡಿಯೇ ಬರುತ್ತೀಯ. ಈಗ ಬಂದರೆ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ತಿಂಗಳಾಗುತ್ತ ಬಂತು, ಅವಳು ಮನೆಯಲ್ಲೇ ಇದ್ದಾಳೆ. ಇನ್ನು ಮದ್ದು ಮಾಡುವ ಕೆಲಸ ತನಗೆ ಬೇಡ, ಕಚೇರಿಯಲ್ಲಿ ಕಾಗದ ತಿದ್ದುವ ಕುರ್ಚಿ ಕೊಡಿ ಎಂದು ಬರೆದುಕೊಟ್ಟಿದ್ದಾಳೆ. ಈ ತಿಂಗಳು ಮುಗಿದರೆ ಆ ಕುರ್ಚಿ ಗಟ್ಟಿಯಾಗುತ್ತದೆ.

ಅವಳು ಮದ್ದು ಮಾಡುವ ಕೆಲಸಕ್ಕೆ ಸೇರಿದಾಗ ನೀನಿನ್ನೂ ಚಡ್ಡಿ ಹಾಕುತ್ತಿದ್ದೆ. ಮೊದಲ ವರ್ಷವೆಲ್ಲ ಗಾಜಿನ ಬುರುಡೆ, ಕೊಳವೆ ತೊಳೆದದ್ದೇ ಆಯಿತು. ನಿನ್ನ ದೊಡ್ಡಮ್ಮ ಬಂದು, "ಪಾತ್ರೆ ತೊಳೆಯೋಕೆ ಇಷ್ಟೆಲ್ಲ ಓದ್ಬೇಕಿತ್ತಾ?" ಎಂದು ಚುಚ್ಚಿದರು. "ನಿಮ್ಮನೆ ಪಾತ್ರೆ ನೋಡಿದ್ರೆ ಓದ್ಬೇಕು ಅಂತಲೇ ಅನ್ಸುತ್ತೆ ಅಕ್ಕಾ" ಎಂದೆ. ಆಮೇಲೆ ವರ್ಷವಿಡೀ ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ. ನೆಮ್ಮದಿಯಾಗಿತ್ತು. ಹೆಂಗಸರು ಲೆಕ್ಕ ಬರೆದುಕೊಂಡಿದ್ದರೆ ಸಾಕು, ಕುದಿಸುವುದು ಕಾಯಿಸುವುದು ಗಂಡಸರಿಗಿರಲಿ ಎಂದಿದ್ದನಂತೆ ಆಗಿನ ಮೇಲಧಿಕಾರಿ. ಇವಳು ವಾದ ಮಾಡಲಿಲ್ಲ. ಗಂಡಸರು ಮಾಡಿದಾಗಲೆಲ್ಲ ಕರಕಲಾಗಿ ಕೂರುತ್ತಿದ್ದದ್ದು ಇವಳ ಕೈಯಲ್ಲಿ ಹಳದಿ ಹರಳಾಗಿ ಬಂತು. ಅಲ್ಲಿಂದ ಅವಳಿಗೆ ಅವಳದೇ ಮೇಜು, ಅವಳದೇ ಶಿಷ್ಯರು. ಕ್ಯಾನ್ಸರ್ ಗಡ್ಡೆಯನ್ನು ಕೊಲ್ಲಬೇಕು, ಮೈಯನ್ನು ಕೊಲ್ಲಬಾರದು, ಅಂಥ ಮದ್ದು ಕಟ್ಟುವುದು ಅವಳ ಕೆಲಸ. ಇಲ್ಲೊಂದು ತುಣುಕು ತೆಗೆದು ಅಲ್ಲೊಂದು ಜೋಡಿಸಿ, ಮತ್ತೆ ನೋಡುವುದು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಹೊಗೆ ಹೀರುವ ಗಾಜಿನ ಕಪಾಟಿನೊಳಗೆ ಬುರುಡೆಯೊಂದು ತನ್ನಷ್ಟಕ್ಕೆ ಕಲಕಿಕೊಳ್ಳುತ್ತಿತ್ತು. ಉಕ್ಕುವ ಹಾಲನ್ನು ನಾನು ಕಾಯುವ ಹಾಗೆ ಅವಳು ಅದರ ಮುಂದೆ ನಿಂತಿದ್ದಳು. ಶಿಷ್ಯರು ಹಿಂದಿನಿಂದ ಅವಳನ್ನು "ಇನ್ನೊಂದ್ಸಲ ಮೇಡಂ" ಎನ್ನುತ್ತಾರಂತೆ. ಕೆಟ್ಟರೆ "ಇನ್ನೊಂದ್ಸಲ ಮಾಡಿ." ಚೆನ್ನಾಗಿ ಬಂದರೆ, "ನಂಬಿಕೆ ಬರ್ತಿಲ್ಲ, ಇನ್ನೊಂದ್ಸಲ ಮಾಡಿ." ಅವಳು ಮಾಡಿ ಚೆಲ್ಲಿದ್ದೇ ಹೆಚ್ಚು. ಚೆಲ್ಲಿ ಬಂದ ದಿನವೂ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದಳು.

ಅಪ್ಪ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಾಗ ಅವಳ ಮದ್ದೊಂದು ಇಲಿಗಳ ಗಡ್ಡೆಯನ್ನು ಕರಗಿಸಿತ್ತು. ಅದು ನಿನ್ನ ಕಿವಿಗೆ ಬಿತ್ತು. ಅಪ್ಪನಿಗೂ ತಂದುಕೊಡು ಎಂದು ನೀನು ಅವಳ ಕೈ ಹಿಡಿದು ಕೇಳಿದೆ, ಆಮೇಲೆ ಗದರಿಸಿ ಕೇಳಿದೆ. "ಮನುಷ್ಯರಿಗೆ ಕೊಡೋ ಹಾಗಿಲ್ಲ ಕಣೋ, ಇನ್ನೂ ಇಲಿಗಳಲ್ಲೇ ಇದೆ" ಎಂದಳು. ಅಪ್ಪನನ್ನು ಕಳಿಸಿ ಬಂದ ದಿನ ನೆಂಟರೆಲ್ಲ ಕೂತಿದ್ದಾಗ ನೀನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಇಲಿಗೆ ಕೊಡ್ತಾಳೆ, ಹೆತ್ತ ಅಪ್ಪನಿಗೆ ಕೊಡಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ನೆಂಟರ ಲೋಟಗಳಿಗೆ ನೀರು ತುಂಬಿಸಿ ಒಳಗೆ ಹೋದಳು.

ಆ ಮದ್ದನ್ನೇ ಅವಳು ಇಷ್ಟು ವರ್ಷ ಬೆನ್ನು ಹತ್ತಿದ್ದಳು. ಕಳೆದ ತಿಂಗಳು, ಇಲಿಗಿಂತ ದೊಡ್ಡ ಪ್ರಾಣಿಗಳಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲ ಬಂತು. ಗಡ್ಡೆ ಕರಗಿದೆ, ಜೊತೆಗೆ ಹೃದಯವೂ ಸೋತಿದೆ. "ನಿಲ್ಲಿಸಿಬಿಟ್ವಿ ಅಮ್ಮ" ಎಂದಳು, ಹುರುಳಿಕಾಯಿ ಹೆಚ್ಚುತ್ತ. ಮರುದಿನದಿಂದ ಹೋಗಲಿಲ್ಲ. ಮೊನ್ನೆ ಪ್ರಯೋಗಾಲಯದ ಮುಖ್ಯಸ್ಥರು ಮನೆಗೇ ಬಂದಿದ್ದರು. ಅದೇ ಮದ್ದಿನ ತಂಗಿಯೊಂದು ಇದೆಯಂತೆ, ಒಂದೇ ಒಂದು ತುಣುಕು ಬೇರೆ. ಈವರೆಗೆ ನೋಡಿದಷ್ಟರಲ್ಲಿ ಅದು ಹೃದಯದ ತಂಟೆಗೆ ಹೋಗಿಲ್ಲವಂತೆ. ಅದೂ ಇವಳು ಕಟ್ಟಿದ್ದೇ. "ಇವರು ಬರದಿದ್ರೆ ಅದು ಕಪಾಟಿನಲ್ಲೇ ಉಳಿಯುತ್ತಮ್ಮ" ಎಂದು ನನ್ನ ಹತ್ತಿರ ಹೇಳಿಹೋದರು. ಇವಳು ಕೋಣೆಯಿಂದ ಹೊರಗೇ ಬರಲಿಲ್ಲ. ಬೈದೆ. ಗೋಡೆಗೆ ಬೈದ ಹಾಗಾಯಿತು. ಸಂಜೆ ಚಹಾ ಬಗ್ಗಿಸುವಾಗ ಲೋಟ ತುಂಬಿ ಚೆಲ್ಲಿದರೂ ಬಗ್ಗಿಸುತ್ತಲೇ ಇದ್ದಳು. ಒಂದೊಂದು ತೊಟ್ಟನ್ನೂ ಅಳೆದು ಹಾಕುವ ಕೈ ಅದು.

ಇದು ಸೋಲಿನ ಅಂಜಿಕೆಯಲ್ಲ. ಸೋಲು ಅವಳಿಗೆ ಹಳೆಯ ನೆಂಟ. ಕಾರಣ ನನಗೆ ಗೊತ್ತಿದೆ, ಆದರೆ ನನ್ನ ಸಮಾಧಾನ ಅವಳಿಗೆ ಬೇಕಾಗಿಲ್ಲ. ಅವಳಿಗೆ ತಾಗುವುದು ನಿನ್ನ ಮಾತು. ಒಮ್ಮೆ ತಾಗಿದ್ದು ಇನ್ನೂ ಮಾಗಿಲ್ಲ. ಕೆಲಸಕ್ಕೆ ರಜೆ ಹಾಕು, ತಿಂಗಳು ಮುಗಿಯುವ ಮೊದಲು ಬಾ. ಅವಳು ತಪ್ಪು ಒಪ್ಪಿಕೊಳ್ಳಲಿ, ಆಮೇಲೆ ನೋಡೋಣ ಎಂದು ಉತ್ತರ ಬರೆಯಬೇಡ. ಹಾಗೆ ಬರೆದ ಕಾಗದವನ್ನು ನಾನು ಒಡೆಯುವುದೂ ಇಲ್ಲ.

ಸೊಸೆಗೆ, ಮೊಮ್ಮಗಳಿಗೆ ನನ್ನ ತುಂಬು ಆಶೀರ್ವಾದ. ನಿನ್ನ ಪಾಲಿನದು ಇಲ್ಲಿದೆ, ಬಂದು ತೆಗೆದುಕೊಂಡು ಹೋಗು.

ನಿನ್ನ ಅಮ್ಮ

ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಅವಳು ತಂದಿದ್ದಳು. ಅಪ್ಪ ಹೋಗುವ ಹಿಂದಿನ ವಾರ, ನೀನು ಔಷಧಿ ಅಂಗಡಿಗೆ ಹೋಗಿದ್ದಾಗ, ಕರವಸ್ತ್ರದಲ್ಲಿ ಸುತ್ತಿದ ಸೀಸೆಯನ್ನು ಅಪ್ಪನ ಕೈಗಿಟ್ಟಳು. ಗೊತ್ತಾಗಿದ್ದರೆ ಅವಳ ಕೆಲಸ, ಹೆಸರು ಎರಡೂ ಹೋಗುತ್ತಿದ್ದವು. ಸರ್ಕಾರದ ಮುದ್ರೆಯಿಲ್ಲದ ತೂಕದ ಕಲ್ಲುಗಳನ್ನು ಅಂಗಡಿ ಅಂಗಡಿ ತಿರುಗಿ ಹಿಡಿಯುವುದರಲ್ಲೇ ನೌಕರಿ ಮುಗಿಸಿದ ಮನುಷ್ಯ ಅಪ್ಪ. ಸೀಸೆಯನ್ನು ಬೆಳಕಿಗೆ ಹಿಡಿದು, "ಇದಕ್ಕಿನ್ನೂ ಮುದ್ರೆ ಬಿದ್ದಿಲ್ಲ ಮಗಳೇ, ಎಲ್ಲಿತ್ತೋ ಅಲ್ಲೇ ಇಟ್ಟು ಬಾ" ಎಂದರು. ನಿನಗೆ ಹೇಳಿದರೆ ನೀನು ಕಿತ್ತುಕೊಂಡು ಕುಡಿಸಿಯೇ ಬಿಡುತ್ತೀಯ ಎಂದು ನಮ್ಮಿಬ್ಬರ ಬಾಯಿ ಕಟ್ಟಿದವರೂ ಅವರೇ. ಆ ಸೀಸೆಯಲ್ಲಿ ಏನಿತ್ತೆಂದು ಅವಳಿಗೆ ಕಳೆದ ತಿಂಗಳು ತಿಳಿದಿದೆ. ಬೇಡ ಎಂದದ್ದು ಅಪ್ಪ, ತಾನಲ್ಲ ಎಂಬುದು ಅವಳನ್ನು ತಿನ್ನುತ್ತಿದೆ. ಹೊರಡುವ ದಿನ ತಿಳಿಸು. ನೀನು ಬರುವುದನ್ನು ನಾನು ಅವಳಿಗೆ ಹೇಳುವುದಿಲ್ಲ. ಬಾಗಿಲು ಅವಳೇ ತೆಗೆಯಲಿ.