ಸರಿದ ಗುರುತುಗಳು

ಮಗಳೇ,

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ ಅಪ್ಪ ಎಂದು ನಗಬೇಡ.

ಕ್ಲೌಡಿನಲ್ಲಿರುವ ನಮ್ಮಿಬ್ಬರ ಡಿಜೆ ಹಾಡುಗಳ ಭಂಡಾರದಲ್ಲಿ ಏನೋ ಎಡವಟ್ಟಾಗಿದೆ ಎಂದುಕೊಂಡಿದ್ದೆ. ಹಾಡನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂದು ಸಂಜೆ ನಾನು ಗುರುತು ಹಾಕಿಟ್ಟರೆ, ಬೆಳಿಗ್ಗೆ ಪರದೆಯ ಮೇಲೆ ಅದು ಕೂದಲೆಳೆಯಷ್ಟು ಹಿಂದೆ ಸರಿದಿರುತ್ತಿತ್ತು. ಕ್ಲೌಡಿನವರನ್ನು ಬಾಯಿಗೆ ಬಂದಂತೆ ಬೈದೆ. "ನಮ್ಮದೇನೂ ತಪ್ಪಿಲ್ಲ ಸಾರ್, ನಿಮ್ಮ ಇನ್ನೊಂದು ಕಂಪ್ಯೂಟರಿಂದ ಯಾರೋ ಬದಲಾಯಿಸ್ತಿದ್ದಾರೆ" ಅಂದರು.

ಇನ್ನೊಂದು ಕಂಪ್ಯೂಟರ್ ನಿನ್ನದು.

ನನ್ನ ಗುರುತಿನಿಂದಲೂ ಕೇಳಿದೆ, ನಿನ್ನದರಿಂದಲೂ ಕೇಳಿದೆ. ಎರಡೂ ಒಂದೇ ಥರ ಕೇಳಿಸಿತು. ತಾಳ ತಪ್ಪದಿದ್ದರೆ ನೀನು ಸುಮ್ಮನೆ ಸರಿಸುವವಳಲ್ಲ. ಮರುದಿನವೇ ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ಹೆಡ್‌ಫೋನ್ ತೊಡಿಸಿ, "ಎಷ್ಟೇ ಸಣ್ಣ ಶಬ್ದ ಬಂದರೂ ಕೈ ಎತ್ತಿ" ಅಂದರು. ಶುರುವಾಗಲೆಂದು ನಾನು ಕಾಯುತ್ತಲೇ ಇದ್ದೆ, ಅವರು "ಮುಗೀತು" ಅಂತ ಹೆಡ್‌ಫೋನ್ ತೆಗೆದರು.

ಅಮ್ಮನಿಗೆ ಹೇಳಬೇಡ. ಕರೆದರೆ ಓಗೊಡದಿರುವುದು ನನ್ನ ಹಳೇ ಚಾಳಿ ಎಂದೇ ಅವಳು ಬೈಯುತ್ತಿದ್ದಾಳೆ. ಬೈದುಕೊಂಡಿರಲಿ.

ಶನಿವಾರದ ಮದುವೆಗೆ ಹಾಡು ಹಾಕಲು ನೀನೇ ಬಂದು ನಿಲ್ಲು. ನಾನು ವೈರು ಎಳೆದುಕೊಡುತ್ತೇನೆ, ಸ್ಪೀಕರ್ ಹೊರುತ್ತೇನೆ. ಜನ ಕುಣಿಯುತ್ತಿದ್ದಾರೋ ಇಲ್ಲವೋ ನೋಡಿ ಹೇಳುತ್ತೇನೆ, ಕಣ್ಣು ಚೆನ್ನಾಗಿದೆ.

ಭಂಡಾರವನ್ನು ಒಬ್ಬರು ಮುಚ್ಚಿದ ಮೇಲೇ ಇನ್ನೊಬ್ಬರು ತೆರೆಯಬೇಕು, ಇಲ್ಲದಿದ್ದರೆ ಎಲ್ಲ ಕಲಸುಮೇಲೋಗರ ಎಂದು ನಿನ್ನ ತಲೆ ತಿಂದವನು ನಾನೇ. ಆ ಮಾತಿಗೆ ಕಟ್ಟುಬಿದ್ದು, ನಾನು ಮುಚ್ಚುವುದನ್ನೇ ದಿನಾ ಕಾದು ಕೂತಿರುತ್ತಿದ್ದೆಯಲ್ಲ.

ನನ್ನದನ್ನು ಮುಚ್ಚಿದ್ದೇನೆ. ಇನ್ನು ಕಾಯಬೇಡ.

ಇಂತಿ,
ನಿನ್ನ ಅಪ್ಪ