ಬಿಣಗಾ ತಿರುವಿನಲ್ಲಿ ಹತ್ತಿದ ದೀಪ

ಅಕ್ಟೋಬರ್ 25, 2006. ಬುಧವಾರ. ಸಂಜೆ 6.40

ಮಗಳು ನೀತಾಳ ಆಪರೇಷನ್ ನವೆಂಬರ್ 14, ಮಂಗಳವಾರ, ಬೆಳಿಗ್ಗೆ 9ಕ್ಕೆ. ಹೇಳಿದ್ದು ಕಾರವಾರದ ಹೆರಿಗೆ ಡಾಕ್ಟರಮ್ಮ, ಊರವರ ‘ಡಾಕ್ಟರ್ ಬಾಯಿ’, ಸ್ಕ್ಯಾನಿಂಗ್ ನೋಡಿದ ಮೇಲೆ. ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದೆ. ಸಹಜ ಹೆರಿಗೆ ಆಗದು. ಅಷ್ಟರೊಳಗೆ ರಕ್ತ ಕಂಡರೆ ಒಂದು ತಾಸಿನಲ್ಲಿ ಆಸ್ಪತ್ರೆ ಸೇರಬೇಕು.

"ಬೊಬ್ರುವಾಡದಿಂದ ಬರೂದು ನೀವು. ಸ್ವಂತ ಗಾಡಿ ಇದೆಯಾ? ಇಲ್ಲಾಂದ್ರೆ ಇವತ್ತೇ ಅಡ್ಮಿಟ್ ಮಾಡಿ."

ಇದೆ ಎಂದೆ. ನೀತಾಳೂ ಮನೆಗೇ ಹೋಗಬೇಕು ಎಂದಳು. ಅಳಿಯ ಸಂದೇಶ ಗೋವೆಯಲ್ಲಿ ಡ್ಯೂಟಿ. ಭಾನುವಾರ ಮಾತ್ರ ಬರುತ್ತಾನೆ. ಹಾಗಾಗಿ ಮಗಳ ಜವಾಬ್ದಾರಿ ನನ್ನದು, ಹೆಂಡತಿ ಜಯಂತಿಯದು ಮತ್ತು 1996ರ ಮಾಡೆಲ್ಲಿನ ಈ ಬಿಳಿ ಕಾರಿನದು. ಜೂನ್‌ನಲ್ಲಿ ಕೊಂಡದ್ದು. ಈವರೆಗೆ ತಕರಾರು ಇಲ್ಲ.

ಒಂದು ವಿಷಯ. ಬರುವಾಗ ಬಿಣಗಾ ಘಟ್ಟದ ತಿರುವಿನಲ್ಲಿ ಸ್ಟೇರಿಂಗ್ ಹಿಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಮೊದಲು ಕಂಡದ್ದು ನೀತಾಳಿಗೆ.

"ಅಪ್ಪಾ, ಅದೆಂತದು? ಗಿಂಡಿ ಚಿತ್ರ ಅದೆ."

ಗಿಂಡಿ ಎಂದರೆ ಇಂಜಿನ್ ಆಯಿಲ್‌ನ ದೀಪ. ನಾನು ನೋಡುವಾಗ ಆರಿತ್ತು. ಎರಡು ಸೆಕೆಂಡು ಇರಬಹುದು.

ಮನೆಗೆ ಬಂದು ಬಾನೆಟ್ ತೆಗೆದೆ. ಆಯಿಲ್ ಕಡ್ಡಿ ಎಳೆದು ನೋಡಿದೆ. ಮೇಲಿನ ಗೆರೆಯ ತನಕ ಒದ್ದೆ. ಎಣ್ಣೆ ಇದೆ. ವೈರ್ ಸಡಿಲ ಇರಬೇಕು.

ಅಕ್ಟೋಬರ್ 27. ಶುಕ್ರವಾರ. ಬೆಳಿಗ್ಗೆ 7

ಇಂಜಿನ್‌ನಲ್ಲಿ ಶಬ್ದ. ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಟಿಕ್... ಹನ್ನೆರಡು ಸೆಕೆಂಡು. ಆಮೇಲೆ ಇಲ್ಲ. ಗಡಿಯಾರ ಹಿಡಿದು ನೋಡಿದ್ದು.

ಜಯಂತಿ ಅಡಿಗೆಮನೆಯಿಂದ: "ನಿಮ್ಮ ಗಾಡಿ ಗೋಡೆ ಗಡಿಯಾರ ನುಂಗ್ಯದೆ ಕಾಣ್ತದೆ. ಗಂಟೆ ಹೊಡೀತದಾ ನೋಡಿ."

ಸೋರಿಕೆ ಇದೆಯೇ ಎಂದು ಕಾರನ್ನು ನಾಲ್ಕು ಮಾರು ಹಿಂದೆ ತೆಗೆದು ನಿಂತಿದ್ದ ಜಾಗ ನೋಡಿದೆ. ಮಳೆಗಾಲ ಮುಗಿದು ಹೊಸದಾಗಿ ಬಡಿದು ಮಾಡಿದ ಅಂಗಳ. ಮನೆಗೆಲಸದ ದೇವಿ ಬೆಳಗಾಗುವ ಮೊದಲೇ ಸಗಣಿ ಸಾರಿಸಿ ಹೋಗಿದ್ದಳು. ಕಾರಿನ ಅಡಿಗೂ ಬಗ್ಗಿ ಸಾರಿಸುತ್ತಾಳೆ, ಒಂದು ಗೇಣೂ ಬಿಡುವುದಿಲ್ಲ. ಹಸಿರು, ನುಣುಪು. ಒಂದು ಚುಕ್ಕಿ ಇಲ್ಲ.

ಸೋರಿಕೆ ಇಲ್ಲ.

ಅಕ್ಟೋಬರ್ 30. ಸೋಮವಾರ. ಸಂಜೆ 5.15

ನೀತಾಳ ಹಿಮೋಗ್ಲೋಬಿನ್ 9.2. ಲ್ಯಾಬ್ ವರದಿ. ಕಡಿಮೆ, ಆದರೆ ಇಳಿದಿಲ್ಲ.

ಕಾರವಾರಕ್ಕೆ ಹೋಗುವಾಗ ಆಮದಳ್ಳಿ ದಾಟಿದ ಮೇಲೆ ಸುಟ್ಟ ವಾಸನೆ. ಮುಂದೆ ಅದಿರಿನ ಲಾರಿಗಳ ಸಾಲು. ಅವುಗಳದ್ದೇ ಎಂದುಕೊಂಡು ಗ್ಲಾಸ್ ಏರಿಸಿದೆ. ಗ್ಲಾಸ್ ಏರಿಸಿದ ಮೇಲೆ ವಾಸನೆ ಜಾಸ್ತಿ ಆಯಿತು. ಬರುವಾಗ ಬಿಣಗಾದ ಅದೇ ತಿರುವಿನಲ್ಲಿ ದೀಪ — ಈ ಸಲ ಐದು ಸೆಕೆಂಡು, ಎಣಿಸಿದೆ. ಬಿಸಿ ತೋರಿಸುವ ಮುಳ್ಳು ಅರ್ಧದ ಮೇಲೆ. ಯಾವಾಗಲೂ ಅರ್ಧದ ಕೆಳಗೆ ಇರುತ್ತಿತ್ತು.

ನೀತಾ ಹೊಟ್ಟೆಯ ಮೇಲೆ ಕೈಯಿಟ್ಟು ರಸ್ತೆ ನೋಡುತ್ತ ಕೂತಿದ್ದಳು.

ಅಂಕೋಲೆಯ ಗ್ಯಾರೇಜಿನ ಸುಭಾಷನಿಗೆ ಫೋನ್. "ಬಾವಾ, ತುಳಸಿ ಹಬ್ಬ ಮುಗೀಲಿ. ಶುಕ್ರವಾರ ಹತ್ತಕ್ಕೆ ತಕಂಡ್ ಬನ್ನಿ. ಎಣ್ಣೆ ಅದೆ ಅಲ್ದಾ?"

ಇದೆ ಎಂದೆ.

ನವೆಂಬರ್ 1. ಬುಧವಾರ. ರಾಜ್ಯೋತ್ಸವದ ರಜೆ. ಮಧ್ಯಾಹ್ನ 3

ಪೇಪರ್ ಕತ್ತರಿಸಿ ಇಟ್ಟ ಫೈಲ್ ತೆಗೆದೆ. ಭಾನುವಾರದ ಪುರವಣಿ, ಎರಡು ವರ್ಷ ಹಿಂದಿನದು: ಇಂಜಿನ್ ಆಯಿಲ್ ಕಡಿಮೆಯಾದರೆ ಗೊತ್ತಾಗುವುದು ಹೇಗೆ. ತಿರುವಿನಲ್ಲಿ, ಬ್ರೇಕ್ ಹಾಕಿದಾಗ ದೀಪ ಮಿನುಗುವುದು. ಸ್ಟಾರ್ಟ್ ಆದಾಗ ಟಿಕ್‌ಟಿಕ್. ಸುಟ್ಟ ವಾಸನೆ. ಬಿಸಿಯ ಮುಳ್ಳು ಏರುವುದು. ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ನಾಲ್ಕಕ್ಕೆ ನಾಲ್ಕು.

ಕೊನೆಯ ಸಾಲು ದಪ್ಪ ಅಕ್ಷರದಲ್ಲಿದೆ: ದೀಪ ಹತ್ತಿ ಆರದೆ ಉಳಿದರೆ ಇಂಜಿನ್ ಕೂಡಲೇ ನಿಲ್ಲಿಸಿ. ಒಂದು ಕಿಲೋಮೀಟರನ್ನೂ ಓಡಿಸಬೇಡಿ.

ಆದರೆ ಎಣ್ಣೆ ಇಲ್ಲವೆಂದು ಹೇಗೆ ಹೇಳಲಿ? ಎರಡು ಸಾಕ್ಷಿ ವಿರುದ್ಧ ಇವೆ. ಕಡ್ಡಿ ಒದ್ದೆ. ಅಂಗಳ ಸ್ವಚ್ಛ. ಮೂವತ್ತು ವರ್ಷ ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿದವನು ನಾನು. ಸ್ಥಳದಲ್ಲಿ ಕಂಡದ್ದನ್ನು ಬಿಟ್ಟು ಬೇರೆ ಬರೆದದ್ದಿಲ್ಲ.

ಶುಕ್ರವಾರ ಹತ್ತು ಗಂಟೆ. ಎರಡು ದಿನ.

ನವೆಂಬರ್ 3. ಶುಕ್ರವಾರ. ಸಂಜೆ 4. ಕಾರವಾರ, ಆಸ್ಪತ್ರೆಯ ವರಾಂಡ

ರಕ್ತ ನಿಂತಿದೆ. ಮಗುವಿನ ಎದೆಬಡಿತ ಸರಿ ಇದೆ. ಹೇಳಿದ್ದು ಡಾಕ್ಟರ್ ಬಾಯಿ, 3.40ಕ್ಕೆ. 

ಆದದ್ದನ್ನು ಕ್ರಮವಾಗಿ ಬರೆದಿಡುತ್ತೇನೆ.

6.10 — ನೀತಾ ಬಚ್ಚಲಿನಿಂದ ಕರೆದಳು. ರಕ್ತ. ನೋವಿಲ್ಲ ಅಂದಳು. 6.22ಕ್ಕೆ ಹೊರಟೆವು. ಟಿಕ್‌ಟಿಕ್ ನಿಲ್ಲಲೇ ಇಲ್ಲ. ಹೆದ್ದಾರಿಗೆ ಬರುವಷ್ಟರಲ್ಲಿ ಟಕ್ ಟಕ್ ಆಗಿತ್ತು, ತಗಡಿನ ಮೇಲೆ ಸುತ್ತಿಗೆ ಹೊಡೆದ ಹಾಗೆ. ಅವರ್ಸಾ ಹತ್ತಿರ 6.41ಕ್ಕೆ ದೀಪ ಹತ್ತಿತು. ತಿರುವು ಅಲ್ಲ. ನೇರ ರಸ್ತೆ. ಆರಲಿಲ್ಲ. ಹತ್ತರ ತನಕ ಎಣಿಸಿದೆ.

ಬದಿಗೆ ತೆಗೆದು ಇಂಜಿನ್ ಬಂದ್ ಮಾಡಿದೆ.

"ಎಂತಕ್ಕೆ ನಿಲ್ಸದ್ರಿ?" ಜಯಂತಿ ಹಿಂದಿನ ಸೀಟಿನಿಂದ. ನೀತಾಳ ತಲೆ ಅವಳ ತೊಡೆ ಮೇಲೆ. "ಹೊಡೀರಿ ಗಾಡಿ! ಸುಟ್ಟೋದ್ರೆ ಸುಟ್ಟೋಗ್ಲಿ, ಗಾಡಿ ದೊಡ್ಡದಾ ನಿಮ್ಗೆ?"

"ಘಟ್ಟದ ಮೇಲೆ ಇಂಜಿನ್ ಹಿಡ್ಕಂಡು ನಿಂತ್ರೆ? ಅಲ್ಲಿ ಬದಿಗೆ ತೆಗೀಲಿಕ್ಕೂ ಜಾಗ ಇಲ್ಲ. ಇಲ್ಲಾದ್ರೆ ಬೇರೆ ಗಾಡಿ ಸಿಗ್ತದೆ."

"ಸಿಗದಿದ್ರೆ?"

ಬಾಗಿಲು ತೆಗೆದು ಇಳಿದೆ. ರಸ್ತೆ ನಡುವೆ ನಿಂತು ಎರಡೂ ಕೈ ಎತ್ತಿದೆ. ಎರಡು ಅದಿರಿನ ಲಾರಿ ನಿಲ್ಲಲಿಲ್ಲ. ಒಂದು ಕಾರು ನಿಧಾನ ಮಾಡಿ ನೋಡಿ ಹೋಯಿತು. ಒಂಬತ್ತು ನಿಮಿಷ.  

6.50ಕ್ಕೆ ನಿಂತದ್ದು ಮೀನಿನ ಟೆಂಪೋ. ಡ್ರೈವರ್ ಬೀರಾ, ಬೇಲೇಕೇರಿಯವನು. ಪೂರ್ತಿ ಕೇಳಲೂ ಇಲ್ಲ.

"ತಂಗೀನ ಮುಂದೆ ಮಲಗ್ಸಿ, ಅಮ್ಮ ಹಿಡ್ಕಳ್ಳಿ. ನೀವು ಹಿಂದೆ ಬಂಗಡೆ ಜೊತೆ ಕೂತ್ಕಣಿ. ಅವು ಮಾತಾಡೂದಿಲ್ಲ, ಹೆದ್ರಬೇಡಿ."

7.31ಕ್ಕೆ ಆಸ್ಪತ್ರೆ. ಒಂದು ತಾಸು ಇಪ್ಪತ್ತೊಂದು ನಿಮಿಷ. ಹೇಳಿದ್ದು ಒಂದು ತಾಸು.

ಒಂದು ಬಾಟಲಿ ರಕ್ತ ಕೊಟ್ಟೆ. ನರ್ಸ್ ಬಂಗಡೆ ವಾಸನೆಗೆ ಮೂಗು ಮುಚ್ಚಿಕೊಂಡು ಸೂಜಿ ಚುಚ್ಚಿದಳು. ನೀತಾ ಆಪರೇಷನ್ ತನಕ ಇಲ್ಲೇ. ಜಯಂತಿ ಅವಳ ಜೊತೆ. ಆಪರೇಷನ್ ದಿನ ಇನ್ನೊಂದು ಬಾಟಲಿ ಬೇಕು, ಬಿ ನೆಗೆಟಿವ್. ನಾನು ಮೂರು ತಿಂಗಳು ಮತ್ತೆ ಕೊಡುವ ಹಾಗಿಲ್ಲ. ಬೆಳಿಗ್ಗೆ 7.30ರೊಳಗೆ ದಾನಿ ಇಲ್ಲಿರಬೇಕು. ರಕ್ತ ಕೈಯಲ್ಲಿಲ್ಲದೆ ಕತ್ತಿ ಹಾಕುವುದಿಲ್ಲ ಎಂದರು ಡಾಕ್ಟರ್ ಬಾಯಿ.

ನವೆಂಬರ್ 4. ಶನಿವಾರ. ಮಧ್ಯಾಹ್ನ 1

ಮೂರು ಲೀಟರ್ ಇರಬೇಕಾದಲ್ಲಿ ಮುಕ್ಕಾಲು ಲೀಟರ್ ಇತ್ತು. ಅಳೆದದ್ದು ಸುಭಾಷ, ನನ್ನ ಎದುರಿಗೆ. ಕಾರನ್ನು ಅವರ್ಸಾದಿಂದ ಎಳೆದು ತಂದ ಮೇಲೆ.

"ಬಾವಾ, ಇದ್ರಲ್ಲಿ ಎಣ್ಣೆ ಇರ್ಲಿಲ್ಲ. ಎಣ್ಣೆ ವಾಸನೆ ಇತ್ತು ಅಷ್ಟೇ. ಇನ್ನೆರಡು ಮೈಲು ಹೊಡ್ದಿದ್ರೆ ಇಂಜಿನ್ ಕಲ್ಲು."

"ಕಡ್ಡಿ ಒದ್ದೆ ಇತ್ತು. ಮೇಲಿನ ಗೆರೆ ತನಕ."

"ಒರೆಸಿ ನೋಡದ್ರಾ?"

"ಎಂತ ಒರೆಸೂದು?"

ಅವನು ಕಡ್ಡಿ ಎಳೆದ, ಚಿಂದಿಯಲ್ಲಿ ಒರೆಸಿದ, ಮತ್ತೆ ಪೂರ್ತಿ ಇಳಿಸಿದ, ಎಳೆದು ತೋರಿಸಿದ. ತುದಿಯೂ ಒಣಗಿತ್ತು. "ಮೊದ್ಲ ಸಲ ಎಳದದ್ದು ಲೆಕ್ಕಕ್ಕಿಲ್ಲ. ಓಡುವಾಗ ಸಿಡದದ್ದು ಕೊಳವೆಗೆ ಹತ್ಕಂಡಿರ್ತದೆ. ಆಫೀಸಲ್ಲಿ ಇಷ್ಟು ವರ್ಷ ಹೀಗೇ ಅಳದ್ರಾ ಊರಿನ ಜಮೀನು?"

ಗ್ಯಾರೇಜಿನಲ್ಲಿದ್ದವರು ನಕ್ಕರು. ನಗಲಿ.

ಇಂಜಿನ್ ಕೆಳಗಿನ ಎಣ್ಣೆ ತಟ್ಟೆಯ ಅಂಚಿನ ಪಟ್ಟಿ, ಗ್ಯಾಸ್ಕೆಟ್, ಹರಿದಿದೆ. ಹನಿ ಬೀಳುವುದನ್ನು ನಾನೇ ನೋಡಿದೆ. ಒಂದಕ್ಕೊಂದು ಸುಮಾರು ಅರ್ಧ ನಿಮಿಷ.

"ಇಷ್ಟು ದಿನ ಅಂಗಳದಲ್ಲಿ ಕಲೆ ಕಾಣ್ಲಿಲ್ವಾ?"

"ಇಲ್ಲ. ದಿನಾ ಬೆಳಿಗ್ಗೆ ನೋಡಿದ್ದೇನೆ."

ಸುಭಾಷ ನನ್ನ ಮುಖ ನೋಡಿದ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನಿಸಿರಬೇಕು.

ನವೆಂಬರ್ 5. ಭಾನುವಾರ. ಬೆಳಿಗ್ಗೆ 6.30

ಕಲೆ ಇತ್ತು. ಪ್ರತಿದಿನ. ಹೇಳಿದ್ದು ದೇವಿ.

5.30ಕ್ಕೆ ಎದ್ದು ಅಂಗಳಕ್ಕೆ ಬಂದೆ. ಎಂದೂ ಆ ಹೊತ್ತಿಗೆ ಏಳುವವನಲ್ಲ. ಅವಳು ಕುಕ್ಕರಗಾಲಲ್ಲಿ ಕೂತು ಸಾರಿಸುತ್ತಿದ್ದಳು. ಕಾರು ನಿಲ್ಲುವ ಜಾಗಕ್ಕೆ ಎರಡನೇ ಸಲ ಸಗಣಿ ಹಾಕುತ್ತಿದ್ದಳು.

"ಅಲ್ಲಿ ಎಂತಕ್ಕೆ ಎರಡು ಸಲ?"

"ಒಂದ್ ಸಲಕ್ಕೆ ಕಪ್ಪು ಹೋಗೂದಿಲ್ಲ ಒಡಿಯಾ. ನಿಮ್ಮ ಗಾಡಿ ದೀವಳಿಗೆಗೂ ಮುಂಚೆಯಿಂದ ಉಚ್ಚೆ ಹೊಯ್ತದೆ. ಮೊದ್ಲು ಅಡಿಕೆ ಹೋಳಿನಷ್ಟು. ಈಗೀಗ ಹರಿವಾಣದಷ್ಟು."

"ನಂಗೆ ಎಂತಕ್ಕೆ ಹೇಳಲಿಲ್ಲ?"

ಅವಳು ಕೈ ನಿಲ್ಲಿಸಲಿಲ್ಲ. "ದೊಡ್ಡಮ್ಮ ಹೇಳಿರು, ಬಸ್ರಿ ಇರೂ ಮನೆ, ಅಂಗಳದಲ್ಲಿ ಕರಿ ಕಲೆ ಕಾಣಬಾರ್ದು ಅಂತ. ನೀವು ಏಳೂದ್ರೊಳಗೆ ತೆಗೀತಿದ್ದೆ. ನೀವು ದಿನಾ ಬಗ್ಗಿ ಬಗ್ಗಿ ನೋಡ್ತ್ರಿ ಅಂದ್ರು ಹುಲಿಯಾ. ನಾ ಸಾರ್ಸದ್ದು ಸರಿಯಾಯ್ತಾ ನೋಡ್ತ್ರಿ ಅಂದ್ಕಂಡೆ. ಮತ್ತೂ ಚಂದ ಮಾಡ್ದೆ."

ದೊಡ್ಡಮ್ಮ ಎಂದರೆ ಜಯಂತಿ. ಹುಲಿಯಾ ದೇವಿಯ ಗಂಡ. ನಮ್ಮ ಗದ್ದೆ ಕೆಲಸಕ್ಕೆ ಬರುವವನು.

"ಕೇಳಿದ್ರೆ ಹೇಳ್ತಿದ್ದೆ ಒಡಿಯಾ," ಅಂದಳು. ದೂರುವ ದನಿ ಇರಲಿಲ್ಲ.

ಸ್ಥಳ ನೋಡಿದೆ. ಸ್ಥಳದಲ್ಲಿದ್ದವಳನ್ನು ಕೇಳಲಿಲ್ಲ. ನಾನು ಬರೆದ "ಸೋರಿಕೆ ಇಲ್ಲ" ಎಂಬ ಮಾತು ಸುಳ್ಳು. ಮೇಲೆ ಅದನ್ನು ಹೊಡೆದು ಹಾಕಿಲ್ಲ. ಹಾಗೇ ಇರಲಿ.

ನೀತಾಳ ವಿಷಯ ಹೇಳಿದೆ. ಅವರ್ಸಾದಲ್ಲಿ ನಿಂತದ್ದನ್ನೂ. ದೇವಿ ಸಗಣಿ ಕೈಯಲ್ಲೇ ಬಕೆಟ್ ಎತ್ತಿಕೊಂಡು ಹೋದಳು. ಅರ್ಧ ಅಂಗಳ ಹಾಗೇ ಉಳಿಯಿತು.

ನವೆಂಬರ್ 9. ಗುರುವಾರ. ಸಂಜೆ 7

ಹೊಸ ಗ್ಯಾಸ್ಕೆಟ್ ಹಾಕಿ ಆಯಿತು. ಎಣ್ಣೆ ಮೂರು ಲೀಟರ್. ಕಾರು ಮನೆಗೆ ಬಂತು. ದೀಪ ಇಲ್ಲ, ಶಬ್ದ ಸ್ವಲ್ಪ ಇದೆ. "ಅದು ಹೋಗೂದಿಲ್ಲ ಬಾವಾ, ಒಂದ್ ಸಲ ಸವೆದದ್ದು ಸವೀತು" — ಸುಭಾಷ.

ದಾನಿ ಸಿಕ್ಕ. ಹುಲಿಯಾ. ಬಿ ನೆಗೆಟಿವ್ ಎಂದು ಹಿಂದೊಮ್ಮೆ ಶಿಬಿರದಲ್ಲಿ ಕೊಟ್ಟ ಕಾರ್ಡ್ ದೇವಿಯೇ ತಂದು ತೋರಿಸಿದಳು, ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳಂತೆ. ನಾನು ಕೇಳಿರಲಿಲ್ಲ.

ಇಂಜಿನ್ ಕೆಳಗೆ ನಿನ್ನೆಯ ಪೇಪರ್ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟೆ.

ನವೆಂಬರ್ 10. ಶುಕ್ರವಾರ

ಪೇಪರ್ ಮೇಲೆ ಏನಿಲ್ಲ. ದೇವಿ ಪೇಪರ್ ಬಿಟ್ಟು ಸುತ್ತ ಸಾರಿಸಿ, ಅಂಚಿಗೆ ರಂಗೋಲಿ ಹಿಟ್ಟಿನಲ್ಲಿ ಗೆರೆ ಎಳೆದಿದ್ದಾಳೆ. "ನಿಮ್ಮ ಗಾಡಿ ಗದ್ದೆಗೆ ಬದು ಹಾಕ್ದೆ. ಅಳತೆ ಮಾಡ್ಕಣಿ."

ನವೆಂಬರ್ 12. ಭಾನುವಾರ

ಏನಿಲ್ಲ. ನೀತಾಳಿಗೆ ಸ್ವಲ್ಪ ರಕ್ತ ಮತ್ತೆ ಕಂಡಿದೆ. ಸಂದೇಶ ಆಸ್ಪತ್ರೆಯಿಂದ ಫೋನ್ ಮಾಡಿದ. ಅವನ ಗುಂಪು ಹೊಂದುವುದಿಲ್ಲ. ದಿನ ಬದಲಾಗಿಲ್ಲ.

ನವೆಂಬರ್ 13. ಸೋಮವಾರ. ಸಂಜೆ 6.20

ಒಂದು ಚುಕ್ಕಿ ಬಿದ್ದಿದೆ. ವರದಿ ಮಾಡಿದವಳು ದೇವಿ. ಬಾಗಿಲಿಗೆ ಬಂದು ಕರೆದಳು. ಸಾಸಿವೆ ಕಾಳಿನಷ್ಟು, ಕ್ರೀಡಾ ಪುಟದ ಮೇಲೆ.

ಸುಭಾಷನಿಗೆ ಫೋನ್. "ತಟ್ಟೆ ಅಂಚಿಗೆ ಅಂಟಿದ ಹಳೇದು ಇರಬಹುದು ಬಾವಾ. ಹೊಸದೂ ಇರಬಹುದು. ಮತ್ತೊಂದು ಬಿತ್ತಾ ನೋಡಿ."

ಕಡ್ಡಿ ಒರೆಸಿ ಎರಡು ಸಲ ನೋಡಿದೆ. ಎರಡು ಸಲವೂ ಮೇಲಿನ ಗೆರೆ. ಪೇಪರ್ ಬದಲಿಸಿದೆ. ಇವತ್ತಿನದು.

ಬೀರಾನಿಗೆ ಫೋನ್. ಅವನ ಟೆಂಪೋ ನಾಳೆ 5.45ಕ್ಕೆ ಹಟ್ಟಿಕೇರಿ ಕ್ರಾಸ್‌ನಲ್ಲಿ. "ಹತ್ತು ನಿಮಿಷ ಕಾಯ್ತೆ. ಬಂಗಡೆಗೆ ನಿಮ್ಮ ನೆನಪಾಗ್ಯದೆ." ಅಲ್ಲಿಯ ತನಕ ಸುಭಾಷ ಬೈಕಿನಲ್ಲಿ ಬಿಡುತ್ತಾನೆ. ಹುಲಿಯಾ ಇವತ್ತು ನಮ್ಮ ಜಗಲಿಯಲ್ಲೇ ಮಲಗುತ್ತಾನೆ.

ನಾಳೆ 4.50ಕ್ಕೆ ದೇವಿ ಬರುತ್ತಾಳೆ. ಸಾರಿಸುವ ಮೊದಲು ಇಬ್ಬರೂ ಟಾರ್ಚ್ ಹಿಡಿದು ಪೇಪರ್ ನೋಡುವುದು. ಖಾಲಿ ಇದ್ದರೆ ಕಾರು. ಚುಕ್ಕಿ ಇದ್ದರೆ ಬೀರಾನ ಟೆಂಪೋ. 7.30ಕ್ಕೆ ರಕ್ತ. 9ಕ್ಕೆ ನೀತಾಳ ಆಪರೇಷನ್.